ಬಾಲ್ ಕಿತ್ತವರು ಒಬ್ಬರು, ಪಡೆದವರು ಇನ್ನೊಬ್ಬರು: ಬ್ಯಾಸ್ಕೆಟ್‌ಬಾಲ್‌ನ ಆ್ಯರೋ ಲೆಕ್ಕ

ಕೊನೆಯ ಕ್ವಾರ್ಟರ್. 11 ಸೆಕೆಂಡ್ ಬಾಕಿ. ಮಲ್ಲೇಶ್ವರದ ತಂಡ ಒಂದು ಪಾಯಿಂಟ್ ಮುಂದಿದೆ, ಬಾಲ್ ಜಯನಗರದ ತಂಡದ ಕೈಯಲ್ಲಿದೆ. (ಹೆಸರುಗಳು ಲೆಕ್ಕಕ್ಕಾಗಿ ಮಾತ್ರ, ಯಾವ ಕ್ಲಬ್ಬನ್ನೂ ಕುರಿತದ್ದಲ್ಲ.) ಒಳಗೆ ನುಗ್ಗಿದ ಜಯನಗರದ ಆಟಗಾರ್ತಿಯ ಕೈಯಲ್ಲಿದ್ದ ಬಾಲನ್ನು ಮಲ್ಲೇಶ್ವರದ ಡಿಫೆಂಡರ್ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಬಿಟ್ಟಳು. ಇಬ್ಬರೂ ಬಿಡುತ್ತಿಲ್ಲ. ವಿಷಲ್. ರೆಫ್ರಿ ಎರಡೂ ಹೆಬ್ಬೆರಳು ಎತ್ತಿ, ಸ್ಕೋರರ್ ಟೇಬಲ್ ಕಡೆ ತಿರುಗಿ ಅಲ್ಲಿನ ಆ್ಯರೋ (ಮುಂದಿನ ಸರದಿ ಯಾರದು ಎಂದು ತೋರಿಸುವ ಬಾಣ) ನೋಡಿ, ಜಯನಗರ ಆಡುತ್ತಿರುವ ದಿಕ್ಕಿಗೆ ಬೆರಳು ತೋರಿಸುತ್ತಾರೆ. ಬಾಲ್ ಮತ್ತೆ ಜಯನಗರಕ್ಕೆ. ಮಲ್ಲೇಶ್ವರದ ಬೆಂಚಿನಿಂದ ಕೂಗು: "ಹಿಡಿದಿದ್ದು ನಾವು, ಬಾಲ್ ಅವರಿಗಾ?"

ರೆಫ್ರಿ ಮಾಡಿದ್ದು ನೂರಕ್ಕೆ ನೂರು ಸರಿ. ಬೆಂಚಿನ ಸಿಟ್ಟೂ ಸುಳ್ಳಲ್ಲ. ಆ್ಯರೋ ನಿಯಮ ಸರದಿಯನ್ನು ಎಣಿಸುತ್ತದೆ, ಆ ಸರದಿಯ ಬೆಲೆ ಎಷ್ಟು ಎಂದು ನೋಡುವುದಿಲ್ಲ. ಎಣಿಕೆಯಲ್ಲಿ ಅದನ್ನು ಮೀರಿಸುವ ನಿಯಮ ಸಿಗುವುದು ಕಷ್ಟ. ತಕರಾರೆಲ್ಲ ಬೆಲೆಯದ್ದು. ಮೈದಾನದಲ್ಲಿ ಏಳುವ ಜಗಳಗಳಲ್ಲಿ ಬಹುಪಾಲು ಮಾತ್ರ ಇವೆರಡಕ್ಕೂ ಸೇರಿದ್ದಲ್ಲ, ಟೇಬಲ್‌ನಲ್ಲಿ ಆ್ಯರೋ ತಿರುಗಿಸುವುದನ್ನು ಮರೆತದ್ದರಿಂದ ಹುಟ್ಟಿದ್ದು.

ನಮ್ಮಲ್ಲಿ ರಾಜ್ಯಮಟ್ಟದ ಲೀಗ್‌ನಿಂದ ಶಾಲಾ ಟೂರ್ನಮೆಂಟ್‌ವರೆಗೆ ನಡೆಯುವುದು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಾವಳಿ. ಅದರ ಪ್ರಕಾರ ಪಂದ್ಯದಲ್ಲಿ ನಿಜವಾಗಿ ಬಾಲನ್ನು ಮೇಲಕ್ಕೆಸೆದು ಇಬ್ಬರನ್ನು ಹಾರಿಸುವುದು ಒಂದೇ ಸಲ, ಮೊದಲ ಕ್ವಾರ್ಟರ್ ಶುರುವಾಗುವಾಗ. ಆಮೇಲೆ ಜಂಪ್ ಬಾಲ್ ಎಂದು ರೆಫ್ರಿ ಸನ್ನೆ ಮಾಡಿದರೂ ಯಾರೂ ಹಾರುವುದಿಲ್ಲ, ಆ್ಯರೋ ಯಾರ ಕಡೆ ಇದೆಯೋ ಅವರಿಗೆ ಥ್ರೋ-ಇನ್, ಅಂದರೆ ಗೆರೆಯ ಹೊರಗಿನಿಂದ ಬಾಲನ್ನು ಒಳಗೆ ಎಸೆಯುವ ಅವಕಾಶ. ಎರಡೂ ತಂಡದವರು ಬಾಲನ್ನು ಒಟ್ಟಿಗೆ ಹಿಡಿದು ಬಿಡದಿರುವ ಹೆಲ್ಡ್ ಬಾಲ್ ಇದರಲ್ಲಿ ಎಲ್ಲರಿಗೂ ಗೊತ್ತಿರುವ ಸಂದರ್ಭ. ಬಾಲ್ ಹೊರಗೆ ಹೋದಾಗ ಕೊನೆಗೆ ಮುಟ್ಟಿದ್ದು ಯಾರು ಎಂದು ರೆಫ್ರಿಗಳಿಗೆ ಅನುಮಾನವಿದ್ದರೆ, ಅಥವಾ ಒಬ್ಬರು ಒಂದು ದಿಕ್ಕು, ಇನ್ನೊಬ್ಬರು ಇನ್ನೊಂದು ದಿಕ್ಕು ತೋರಿಸಿದರೆ, ಆಗಲೂ ಆ್ಯರೋ. ಬಾಲ್ ರಿಂಗ್ ಮತ್ತು ಬೋರ್ಡ್ ನಡುವೆ ಸಿಕ್ಕಿಕೊಂಡರೂ ಅದೇ. ಕೊನೆಯ ಫ್ರೀ ಥ್ರೋ ತಪ್ಪಿದಾಗ ಎರಡೂ ತಂಡದವರು ಒಟ್ಟಿಗೆ ನಿಯಮ ಮುರಿದಿದ್ದರೂ ಅದೇ. ಎರಡನೇ, ಮೂರನೇ, ನಾಲ್ಕನೇ ಕ್ವಾರ್ಟರ್ ಮತ್ತು ಓವರ್‌ಟೈಮ್ ಶುರುವಾಗುವುದೂ ಇದೇ ಲೆಕ್ಕದಲ್ಲಿ ಎನ್ನುವುದನ್ನು ಮಾತ್ರ ತುಂಬಾ ಜನ ಮರೆಯುತ್ತಾರೆ.

ಆ್ಯರೋಗೆ ಜೀವ ಬರುವುದು ಆರಂಭದ ಜಂಪ್ ಆದಮೇಲೆ. ಅಂಕಣದ ಒಳಗೆ ಬಾಲ್ ಮೊದಲು ಯಾರ ಹಿಡಿತಕ್ಕೆ ಬಂತೋ ಅವರಿಗೆ ಮೊದಲ ಪೊಸೆಷನ್ (ಬಾಲ್ ಇಟ್ಟುಕೊಂಡು ಆಡುವ ಸರದಿ) ಸಿಕ್ಕಾಯಿತು, ಆದ್ದರಿಂದ ಆ್ಯರೋ ಇನ್ನೊಂದು ತಂಡದ ಕಡೆಗೆ. ಇಲ್ಲಿ ನೋಡಬೇಕಾದದ್ದು ಹಿಡಿತ, ಟ್ಯಾಪ್ ಅಲ್ಲ. ಜಂಪ್‌ನಲ್ಲಿ ಜಯನಗರ ಟ್ಯಾಪ್ ಮಾಡಿ, ಬಾಲ್ ಉರುಳಿ, ಮಲ್ಲೇಶ್ವರದವರು ಎತ್ತಿಕೊಂಡರೆ ಆ್ಯರೋ ಜಯನಗರಕ್ಕೆ. ಟ್ಯಾಪ್ ಆದ ತಕ್ಷಣ, ಯಾರ ಹಿಡಿತಕ್ಕೂ ಬರುವ ಮೊದಲೇ ಇಬ್ಬರು ಬಾಲ್ ಹಿಡಿದು ಜಗ್ಗಾಡಿದರೆ ಆ್ಯರೋ ಇನ್ನೂ ಹುಟ್ಟಿಲ್ಲ. ಆಗ ಹಿಡಿದುಕೊಂಡ ಆ ಇಬ್ಬರನ್ನೇ ನಿಲ್ಲಿಸಿ ಮತ್ತೊಮ್ಮೆ ಬಾಲ್ ಎಸೆಯಬೇಕು.

ಈಗ ಎಣಿಕೆ ನೋಡೋಣ. ಜಯನಗರ ಜಂಪ್ ಗೆದ್ದಿತು, ಪಂದ್ಯದಲ್ಲಿ ಒಂದೂ ಹೆಲ್ಡ್ ಬಾಲ್ ಆಗಲಿಲ್ಲ ಅಂದುಕೊಳ್ಳಿ. ಮೊದಲ ಕ್ವಾರ್ಟರ್ ಜಯನಗರಕ್ಕೆ, ಎರಡನೆಯದು ಮಲ್ಲೇಶ್ವರಕ್ಕೆ, ಮೂರನೆಯದು ಜಯನಗರಕ್ಕೆ, ನಾಲ್ಕನೆಯದು ಮಲ್ಲೇಶ್ವರಕ್ಕೆ. ಎರಡು, ಎರಡು. ಮೊದಲ ಕ್ವಾರ್ಟರ್‌ನಲ್ಲೇ ಒಂದು ಹೆಲ್ಡ್ ಬಾಲ್ ಆಯಿತು ಎಂದರೆ ಅದು ಮಲ್ಲೇಶ್ವರಕ್ಕೆ ಹೋಗಿ, ಎರಡನೇ ಕ್ವಾರ್ಟರ್ ಜಯನಗರದಿಂದ, ಮೂರನೆಯದು ಮಲ್ಲೇಶ್ವರದಿಂದ, ನಾಲ್ಕನೆಯದು ಜಯನಗರದಿಂದ ಶುರುವಾಗುತ್ತದೆ. ಮೂರು, ಎರಡು. ಹೆಲ್ಡ್ ಬಾಲ್ ಎರಡಾದರೆ ಮತ್ತೆ ಸಮ: ಮೂರು, ಮೂರು. ಎಷ್ಟೇ ಹೆಲ್ಡ್ ಬಾಲ್ ಆಗಲಿ, ವ್ಯತ್ಯಾಸ ಒಂದನ್ನು ದಾಟುವುದೇ ಇಲ್ಲ. ಆ ಒಂದು ಹೆಚ್ಚುವರಿ ಸರದಿ ಸಿಗುವುದು ಯಾವಾಗಲೂ ಆರಂಭದ ಜಂಪ್ ಗೆದ್ದವರಿಗೆ. ಉನ್ನತ ಮಟ್ಟದ ಪಂದ್ಯದಲ್ಲಿ ಒಂದು ಪೊಸೆಷನ್ ಅಂದರೆ ಸರಾಸರಿ ಒಂದು ಪಾಯಿಂಟ್ ಆಸುಪಾಸು. ಶಾಲಾ ಮಟ್ಟದಲ್ಲಿ ಅದಕ್ಕಿಂತ ಕಡಿಮೆ. 40 ನಿಮಿಷದ ಆಟದಲ್ಲಿ ನಿಯಮ ಒಂದು ತಂಡಕ್ಕೆ ಕೊಡಬಹುದಾದ ಗರಿಷ್ಠ ಲಾಭ ಇಷ್ಟೇ.

ಇದನ್ನೇ ಹಳೆಯ ಪದ್ಧತಿಯ ಪಕ್ಕದಲ್ಲಿಟ್ಟು ನೋಡಬೇಕು. 1891ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಒಂಬತ್ತನೆಯದು ಥ್ರೋ-ಇನ್ ಕುರಿತದ್ದು: ಹೊರಗೆ ಹೋದ ಬಾಲನ್ನು ಮೊದಲು ಯಾರು ಮುಟ್ಟುತ್ತಾರೋ ಅವರು ಒಳಗೆ ಎಸೆಯಬೇಕು, ಅದಕ್ಕೆ 5 ಸೆಕೆಂಡ್, ಜಗಳ ಬಂದರೆ ಅಂಪೈರ್ ತಾನೇ ಬಾಲನ್ನು ಒಳಕ್ಕೆ ಎಸೆಯುತ್ತಾನೆ. ಪರಿಣಾಮ ಊಹಿಸುವುದು ಕಷ್ಟವಲ್ಲ. ಬಾಲ್ ಹೊರಗೆ ಹೋದರೆ ಸಾಕು, ಎರಡೂ ತಂಡದವರು ಅದರ ಹಿಂದೆ ಬಿದ್ದು ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು. ಕೊನೆಗೆ ಮುಟ್ಟಿದವರ ಎದುರಾಳಿಗೆ ಬಾಲ್ ಎಂಬ ಈಗಿನ ಸರಳ ನಿಯಮ ಬಂದದ್ದು ಆಮೇಲೆ. ಆ 5 ಸೆಕೆಂಡ್ ಮಾತ್ರ ಇವತ್ತಿಗೂ ಹಾಗೇ ಇದೆ. ಪ್ರತಿ ಬಾಸ್ಕೆಟ್ ಆದಮೇಲೂ ಅಂಕಣದ ನಡುವಿಗೆ ಬಂದು ಜಂಪ್ ಮಾಡುವ ಪದ್ಧತಿ ಅಮೆರಿಕದಲ್ಲಿ 1937ರವರೆಗೂ ಇತ್ತು. ಎತ್ತರದ ಒಬ್ಬ ಸೆಂಟರ್ ಆಟಗಾರ ಇದ್ದರೆ ಸ್ಕೋರ್ ಮಾಡಿದ ತಂಡವೇ ಮತ್ತೆ ಬಾಲ್ ಪಡೆಯುತ್ತಿತ್ತು.

ಅಲ್ಲಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಆ್ಯರೋ ತಂದದ್ದು 1981–82ರ ಸೀಸನ್‌ನಲ್ಲಿ. ಫಿಬಾ ಅದನ್ನು ಒಪ್ಪಿಕೊಂಡದ್ದು 2000ರ ದಶಕದ ಶುರುವಿನಲ್ಲಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಈಗಲೂ ಒಪ್ಪಿಲ್ಲ. ಅಲ್ಲಿ ಹೆಲ್ಡ್ ಬಾಲ್ ಆದರೆ ಹಿಡಿದುಕೊಂಡ ಆ ಇಬ್ಬರೇ ಹತ್ತಿರದ ವೃತ್ತದಲ್ಲಿ ಹಾರಬೇಕು. ಕ್ವಾರ್ಟರ್‌ಗಳಿಗೆ ಮಾತ್ರ ಹಂಚಿಕೆ ಇದೆ: ಆರಂಭದ ಜಂಪ್ ಸೋತವರಿಗೆ ಎರಡನೆಯದು, ಮೂರನೆಯದು, ಗೆದ್ದವರಿಗೆ ನಾಲ್ಕನೆಯದು. ಟಿವಿಯಲ್ಲಿ ಎನ್‌ಬಿಎ ನೋಡಿ ಕಲಿತ ಹುಡುಗರು ಇಲ್ಲಿಯ ಪಂದ್ಯದಲ್ಲಿ "ಜಂಪ್ ಹಾಕ್ಸಿ ಸರ್" ಎಂದು ವಾದಿಸುವುದು ಇದರಿಂದಲೇ.

ಜಂಪ್ ಹಾಕಿಸುವುದೇ ನ್ಯಾಯ, ಅಲ್ಲಿ ಕನಿಷ್ಠ ಇಬ್ಬರಿಗೂ ಸ್ಪರ್ಧಿಸುವ ಅವಕಾಶ ಇರುತ್ತದೆ ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ 5 ಅಡಿ 4 ಇಂಚಿನ ಗಾರ್ಡ್, 6 ಅಡಿಯ ಸೆಂಟರ್‌ನ ಕೈಯಲ್ಲಿದ್ದ ಬಾಲನ್ನು ಹಿಡಿದರೆ ಆ ಜಂಪ್‌ನ ಫಲಿತಾಂಶ ಬಾಲ್ ಎಸೆಯುವ ಮೊದಲೇ ಗೊತ್ತು. ಅದಕ್ಕಿಂತ ದೊಡ್ಡ ತೊಂದರೆ ಟಾಸ್‌ನದು. ಬಾಲ್ ನೆಟ್ಟಗೆ ಮೇಲೆ ಹೋಗಬೇಕು, ಇಬ್ಬರೂ ಹಾರಿ ಮುಟ್ಟಬಹುದಾದ ಎತ್ತರಕ್ಕಿಂತ ಮೇಲೆ ಹೋಗಬೇಕು, ತುತ್ತತುದಿ ತಲುಪುವ ಮೊದಲು ಯಾರೂ ಮುಟ್ಟಬಾರದು. ಒಂದು ಗೇಣು ಆಚೀಚೆ ವಾಲಿದರೂ ಒಬ್ಬರಿಗೆ ಲಾಭ. ನುರಿತ ರೆಫ್ರಿಗಳಿಗೂ ಇದು ಪ್ರತಿಸಲ ಕೂಡಿಬರುವುದಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆವರೆಗೆ ಸಾಲಾಗಿ ಪಂದ್ಯ ಆಡಿಸುವ ಸ್ಥಳೀಯ ರೆಫ್ರಿಯಿಂದ ಪಂದ್ಯಕ್ಕೆ ನಾಲ್ಕೈದು ಸಲ ಅದನ್ನು ನಿರೀಕ್ಷಿಸುವುದು ಅತಿಯಾಸೆ. ನಮ್ಮ ಮಟ್ಟದ ಆಟಕ್ಕೆ ಜಂಪ್‌ಗಿಂತ ಆ್ಯರೋ ವಾಸಿ ಎನ್ನುವುದರಲ್ಲಿ ಸಂದೇಹವಿಲ್ಲ.

ಬೆಲೆಯ ಪ್ರಶ್ನೆಗೆ ಬಂದರೆ ಮಾತು ಬೇರೆ. ಮೊದಲ ಕ್ವಾರ್ಟರ್‌ನ ಮೂರನೇ ನಿಮಿಷದಲ್ಲಿ ಸಿಕ್ಕ ಸರದಿಯೂ ಕೊನೆಯ 11 ಸೆಕೆಂಡ್‌ನಲ್ಲಿ ಸಿಕ್ಕ ಸರದಿಯೂ ಆ್ಯರೋಗೆ ಒಂದೇ. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ 2017ರ ಮಹಿಳಾ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು ಸೋಲಿಸಿದ್ದು 75–73ರಿಂದ, 2019ರ ಫೈನಲ್‌ನಲ್ಲಿ ಜಪಾನ್ ಚೀನಾವನ್ನು ಸೋಲಿಸಿದ್ದು 71–68ರಿಂದ. ಎರಡೂ ಒಂದೇ ಪೊಸೆಷನ್‌ನ ಅಂತರ. ಇಂಥ ಪಂದ್ಯದ ಕೊನೆಯಲ್ಲಿ ಬಾಲ್ ಯಾರಿಗೆ ಎನ್ನುವುದನ್ನು, ಅರ್ಧ ಗಂಟೆ ಹಿಂದೆ ಇನ್ಯಾರೋ ಇಬ್ಬರು ಜಗ್ಗಾಡಿದ ಲೆಕ್ಕ ತೀರ್ಮಾನಿಸಬಹುದು.

ಇನ್ನೂ ವಿಚಿತ್ರವಾದದ್ದು ಕ್ವಾರ್ಟರ್ ಕೊನೆಯ ಹೆಲ್ಡ್ ಬಾಲ್. ಮೂರನೇ ಕ್ವಾರ್ಟರ್ ಮುಗಿಯಲು 0.4 ಸೆಕೆಂಡ್ ಇದೆ, ಆ್ಯರೋ ಮಲ್ಲೇಶ್ವರದ ಕಡೆ, ಅವರು ಕಾಯುವ ಬಾಸ್ಕೆಟ್ ಹತ್ತಿರ ಹೆಲ್ಡ್ ಬಾಲ್. ಅಲ್ಲಿಂದ ಥ್ರೋ-ಇನ್ ಮಾಡಿದರೆ ಅಂಕಣದಲ್ಲಿ ಒಬ್ಬರು ಮುಟ್ಟುತ್ತಿದ್ದಂತೆ ಗಡಿಯಾರ ಓಡಿ ಹಾರ್ನ್ ಆಗುತ್ತದೆ. ಅಷ್ಟರಲ್ಲಿ ಆ್ಯರೋ ಜಯನಗರದ ಕಡೆ ತಿರುಗಿ ಆಗಿದೆ. ನಾಲ್ಕನೇ ಕ್ವಾರ್ಟರ್ ಜಯನಗರದಿಂದ, ಶಾಟ್ ಹೊಡೆಯಲು ಇರುವ ಪೂರ್ತಿ 24 ಸೆಕೆಂಡ್‌ನೊಂದಿಗೆ. ವಿಷಲ್ 0.4 ಸೆಕೆಂಡ್ ತಡವಾಗಿ, ಹಾರ್ನ್ ಜೊತೆಗೇ ಬಂದಿದ್ದರೆ ಆ ಸರದಿ ಮಲ್ಲೇಶ್ವರದ ಬಳಿಯೇ ಉಳಿದು ಕ್ವಾರ್ಟರ್ ಅವರಿಂದ ಶುರುವಾಗುತ್ತಿತ್ತು. "ಈ ಸರದಿ ಬೇಡ, ಮುಂದಿನದಕ್ಕೆ ಇಟ್ಟುಕೊಳ್ಳುತ್ತೇವೆ" ಎನ್ನಲು ನಿಯಮದಲ್ಲಿ ದಾರಿಯಿಲ್ಲ. ಬೇಕೆಂದೇ 5 ಸೆಕೆಂಡ್ ಕಳೆದರೂ ಸರದಿ ಹೋಗುತ್ತದೆ, ಜೊತೆಗೆ ಬಾಲ್ ಕೂಡ. ಈ ಒಂದು ಮೂಲೆಯಲ್ಲಿ ನಿಯಮ ಸೋತಿದೆ ಎಂದೇ ಹೇಳಬೇಕು.

ಡಿಫೆನ್ಸ್‌ಗೆ ಅನ್ಯಾಯ ಎಂಬ ಮೂಲ ದೂರಿಗೆ ಅರ್ಧ ಉತ್ತರ, ಆ 24 ಸೆಕೆಂಡ್ ಎಣಿಸುವ ಶಾಟ್ ಕ್ಲಾಕ್‌ನಲ್ಲಿದೆ. ಬಾಲ್ ಹಿಡಿತದಲ್ಲಿದ್ದ ತಂಡಕ್ಕೇ ಆ್ಯರೋದಿಂದ ಮತ್ತೆ ಬಾಲ್ ಸಿಕ್ಕರೆ ಶಾಟ್ ಕ್ಲಾಕ್ ಹೊಸದಾಗಿ ಶುರುವಾಗುವುದಿಲ್ಲ, ಉಳಿದಷ್ಟೇ ಉಳಿಯುತ್ತದೆ. 5 ಸೆಕೆಂಡ್ ಇದ್ದಾಗ ಹಿಡಿದರೆ ಥ್ರೋ-ಇನ್ ಆದಮೇಲೂ 5 ಸೆಕೆಂಡ್‌ನಲ್ಲಿ ಶಾಟ್ ಆಗಬೇಕು. ಆದ್ದರಿಂದ ಒಳ್ಳೆಯ ಕೋಚ್ ಕೊನೆಯ ನಿಮಿಷಗಳಲ್ಲಿ ಆ್ಯರೋ ಕಡೆ ಒಂದು ಕಣ್ಣಿಟ್ಟಿರುತ್ತಾರೆ. ಆ್ಯರೋ ನಮ್ಮದಾಗಿದ್ದರೆ ಮೂಲೆಯಲ್ಲಿ ಇಬ್ಬರು ಸೇರಿ ಸುತ್ತುವರಿದು ಬಾಲ್ ಹಿಡಿಯುವುದು ಲಾಭದ ಕೆಲಸ. ಅವರದಾಗಿದ್ದು ಶಾಟ್ ಕ್ಲಾಕ್‌ನಲ್ಲಿ 18 ಸೆಕೆಂಡ್ ಇದ್ದರೆ ಅದೇ ಕೆಲಸದಿಂದ ಸಿಗುವುದು ಫೌಲ್ ಆಗುವ ಅಪಾಯ ಮಾತ್ರ.

ಇನ್ನರ್ಧ ಉತ್ತರ, ತಂಡಕ್ಕೆ ಮೂವರಂತೆ ಆಡುವ 3x3 ಆಟದಲ್ಲಿದೆ. ಅಲ್ಲಿ ಆ್ಯರೋ ಇಲ್ಲವೇ ಇಲ್ಲ. ಹೆಲ್ಡ್ ಬಾಲ್ ಆದರೆ ಬಾಲ್ ಡಿಫೆನ್ಸ್ ತಂಡಕ್ಕೆ. ಶುರುವಿಗೆ ನಾಣ್ಯ ಚಿಮ್ಮುತ್ತಾರೆ, ಗೆದ್ದವರು ಮೊದಲ ಪೊಸೆಷನ್ ತೆಗೆದುಕೊಳ್ಳಬಹುದು, ಇಲ್ಲವೇ ಓವರ್‌ಟೈಮ್ ಬಂದರೆ ಅಲ್ಲಿನ ಮೊದಲ ಪೊಸೆಷನ್ ತಮಗಿರಲಿ ಎನ್ನಬಹುದು. ಹೆಲ್ಡ್ ಬಾಲ್ ಮಟ್ಟಿಗೆ ಐದು ಮಂದಿಯ ಆಟಕ್ಕೂ ಇದೇ ಹೆಚ್ಚು ಒಪ್ಪುವ ನಿಯಮ. ಬಾಲನ್ನು ಕಾಪಾಡಿಕೊಳ್ಳುವುದು ಅಟ್ಯಾಕ್ ಮಾಡುವವರ ಹೊಣೆ, ಫೌಲ್ ಇಲ್ಲದೆ ಅದನ್ನು ತಡೆದವರಿಗೆ ಫಲ ಸಿಗಬೇಕು. ಆದರೆ ರೀಬೌಂಡ್‌ನಲ್ಲಿ, ಯಾರ ಹಿಡಿತದಲ್ಲೂ ಇಲ್ಲದ ಬಾಲನ್ನು ಇಬ್ಬರು ಒಟ್ಟಿಗೆ ಹಿಡಿದಾಗ ಡಿಫೆನ್ಸ್ ಯಾರು ಎಂಬ ಹೊಸ ಜಗಳ ಹುಟ್ಟದಂತೆ ಅಲ್ಲಿ ಆ್ಯರೋ ಉಳಿಯಲಿ. ಬಾಲ್ ಹೊರಗೆ ಹೋದಾಗಿನ ಅನುಮಾನಕ್ಕೂ ಅದೇ ಇರಲಿ. ವಿಡಿಯೊ ಇಲ್ಲದ, ಇಬ್ಬರೇ ರೆಫ್ರಿಗಳಿರುವ ನಮ್ಮ ಪಂದ್ಯಗಳಲ್ಲಿ ಅದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ಸ್ಪಷ್ಟವಾಗಿ ಕಂಡದ್ದನ್ನೂ ಯಾರ ಸಿಟ್ಟೂ ಬೇಡವೆಂದು ಆ್ಯರೋ ಮೇಲೆ ಹಾಕುವ ರೆಫ್ರಿಗಳೂ ಇದ್ದಾರೆ. ಅದು ನಿಯಮದ ತಪ್ಪಲ್ಲ.

ಆ್ಯರೋ ಕೊಡುವುದು ಬಾಲನ್ನಲ್ಲ, ಥ್ರೋ-ಇನ್ ಮಾಡುವ ಅವಕಾಶವನ್ನು. ಆ ಅವಕಾಶ ಕೈಜಾರುವುದು ಬಹಳ ಸುಲಭ. ರೆಫ್ರಿ ಬಾಲ್ ಕೈಗಿಟ್ಟ ಕ್ಷಣದಿಂದ 5 ಸೆಕೆಂಡ್. ರೆಫ್ರಿ ತೋರಿಸಿದ ಜಾಗದಿಂದ ಪಕ್ಕಕ್ಕೆ ಸರಿಯಬಹುದಾದದ್ದು ಒಟ್ಟು 1 ಮೀಟರ್. ನೇರ ಹಿಂದಕ್ಕೆ ಮಾತ್ರ ಜಾಗ ಇದ್ದಷ್ಟು ಹೋಗಬಹುದು. ಬಾಸ್ಕೆಟ್ ಆದಮೇಲಿನ ಥ್ರೋ-ಇನ್‌ಗೆ ಈ ಕಟ್ಟು ಇಲ್ಲ, ಎಂಡ್‌ಲೈನ್ ಹಿಂದೆ ಉದ್ದಕ್ಕೂ ಓಡಬಹುದು. ಗೆರೆ ತುಳಿದರೆ ಬಾಲ್ ಹೋಯಿತು ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. ಗೆರೆ ಅಂಕಣದ ಭಾಗವಲ್ಲ, ಗೆರೆ ದಾಟಿ ಅಂಕಣದೊಳಗೆ ಕಾಲಿಟ್ಟರೆ ಮಾತ್ರ ವಯಲೇಷನ್, ಅಂದರೆ ಬಾಲ್ ಎದುರಾಳಿಗೆ ಹೋಗುವ ನಿಯಮಭಂಗ. ಬಾಲ್ ಕೈಗೆ ಬಂದಮೇಲೆ ಟೈಮ್-ಔಟ್ ಕೇಳಿ ತಪ್ಪಿಸಿಕೊಳ್ಳಲೂ ಆಗದು, ಫಿಬಾದಲ್ಲಿ ಆ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಟೈಮ್-ಔಟ್ ಕೋಚ್ ಮೊದಲೇ ಕೇಳಿರಬೇಕು. ಕೊನೆಯ 2 ನಿಮಿಷದಲ್ಲಿ ಹಾಗೆ ಕೇಳಿದರೆ ಇನ್ನೊಂದು ಲಾಭವಿದೆ: ತಮ್ಮ ಅರ್ಧದಲ್ಲಿ ಸಿಕ್ಕ ಥ್ರೋ-ಇನ್ ಅನ್ನು ಎದುರಾಳಿಯ ಅರ್ಧಕ್ಕೆ, ಟೇಬಲ್ ಎದುರಿನ ಸೈಡ್‌ಲೈನ್ ಆಚೆ ಎಂಡ್‌ಲೈನ್‌ನಿಂದ 8.325 ಮೀಟರ್ ದೂರದಲ್ಲಿರುವ ಚಿಕ್ಕ ಗೆರೆಗೆ ಒಯ್ಯಬಹುದು. ಸ್ಥಳೀಯ ಅಂಕಣಗಳಲ್ಲಿ ಈ ಗೆರೆ ಬಳಿದಿರುವುದೇ ಅಪರೂಪ. ಪಂದ್ಯಕ್ಕೆ ಮುಂಚೆ ಟೇಪ್ ಹಿಡಿದು ಅಳೆದು, ಸುಣ್ಣದಲ್ಲಾದರೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಡಿಫೆಂಡರ್‌ಗೂ ಕಟ್ಟಿದೆ. ಕೈ ಗೆರೆಯಾಚೆ ಚಾಚಬಾರದು. ಗೆರೆಯ ಹಿಂದೆ 2 ಮೀಟರ್ ಜಾಗ ಇಲ್ಲದಿದ್ದರೆ ಎಸೆಯುವವರಿಂದ 1 ಮೀಟರ್ ದೂರ ನಿಲ್ಲಬೇಕು. ಬೆಂಗಳೂರಿನ ಶಾಲೆ, ಪಾರ್ಕುಗಳ ಅಂಕಣಗಳಿಗೆ ಇದು ಹೇಳಿ ಮಾಡಿಸಿದ ನಿಯಮ. ಸೈಡ್‌ಲೈನ್ ಆಚೆ ಎರಡು ಹೆಜ್ಜೆಗೆ ಕಾಂಪೌಂಡ್ ಗೋಡೆ, ಇಲ್ಲವೇ ಮೆಟ್ಟಿಲು. ಬೆನ್ನಿಗೆ ಗೋಡೆ ತಾಗುವಂತೆ ನಿಂತವರ ಮುಖಕ್ಕೆ ಎದುರಾಳಿ ಕೈ ಆಡಿಸುತ್ತಿದ್ದರೆ 5 ಸೆಕೆಂಡ್ ಕಳೆಯುವುದು ಗೊತ್ತೇ ಆಗದು. ಕೇಳಿದರೆ ಮಾತ್ರ ರೆಫ್ರಿ ಡಿಫೆಂಡರ್‌ನನ್ನು ಹಿಂದೆ ಸರಿಸುವುದು ಇಲ್ಲಿ ವಾಡಿಕೆಯಾಗಿಬಿಟ್ಟಿದೆ, ಹಾಗಾಗಿ ಕ್ಯಾಪ್ಟನ್ ಪಂದ್ಯಕ್ಕೆ ಮುಂಚೆಯೇ ಗೋಡೆ ತೋರಿಸಿ ನೆನಪಿಸಬೇಕು. ಕೊನೆಯ 2 ನಿಮಿಷದಲ್ಲಿ ಎಚ್ಚರಿಕೆ ಕೊಟ್ಟಮೇಲೂ ಗೆರೆ ದಾಟಿ ಕೈ ಹಾಕಿದರೆ ಟೆಕ್ನಿಕಲ್ ಫೌಲ್. ಬಾಲ್ ಇನ್ನೂ ಹೊರಗಿರುವಾಗಲೇ ಒಳಗೆ ಎದುರಾಳಿಯನ್ನು ಹಿಡಿದು ಗಡಿಯಾರ ಓಡದಂತೆ ಫೌಲ್ ಮಾಡುವ ಹಳೆಯ ಉಪಾಯಕ್ಕೆ 2022ರಿಂದ ಥ್ರೋ-ಇನ್ ಫೌಲ್ ಎಂದೇ ಹೆಸರಿಟ್ಟು, ಒಂದು ಫ್ರೀ ಥ್ರೋ ಮತ್ತು ಮತ್ತೆ ಬಾಲ್ ಕೊಡುವಂತೆ ಮಾಡಿದ್ದಾರೆ.

ಇನ್ನು ಟೇಬಲ್. ಆ್ಯರೋ ತಿರುಗಿಸಬೇಕಾದದ್ದು ಬಾಲ್ ಎಸೆಯುವವರ ಕೈ ಸೇರಿದಾಗಲ್ಲ, ಎಸೆದಾಗಲೂ ಅಲ್ಲ. ಅಂಕಣದೊಳಗೆ ಯಾರಾದರೂ ನಿಯಮಬದ್ಧವಾಗಿ ಮುಟ್ಟಿದಾಗ, ಅಥವಾ ಎಸೆಯುವ ತಂಡವೇ ವಯಲೇಷನ್ ಮಾಡಿದಾಗ. ಈ ಒಂದೆರಡು ಸೆಕೆಂಡ್‌ನ ಅಂತರ ಯಾಕೆ ಮುಖ್ಯ? ಆ್ಯರೋ ಥ್ರೋ-ಇನ್ ನಡೆಯುವಾಗ ಯಾವ ತಂಡ ಫೌಲ್ ಮಾಡಿದರೂ ಸರದಿ ಹೋಗುವುದಿಲ್ಲ. ಮಲ್ಲೇಶ್ವರ ಎಸೆಯುವ ಮೊದಲೇ ಜಯನಗರ ಫೌಲ್ ಮಾಡಿತು ಅನ್ನಿ. ಮಲ್ಲೇಶ್ವರಕ್ಕೆ ಫೌಲಿನ ಲೆಕ್ಕದಲ್ಲಿ ಬಾಲ್ ಸಿಗುತ್ತದೆ, ಆ್ಯರೋ ಅವರ ಕಡೆಯೇ ಉಳಿಯುತ್ತದೆ. ಸ್ಕೋರರ್ ಅವಸರದಲ್ಲಿ ಮೊದಲೇ ತಿರುಗಿಸಿದ್ದರೆ ಒಂದು ಸರದಿ ಮಂಗಮಾಯ. ಆಮೇಲೆ ಅದು ಯಾರದಿತ್ತು ಎಂದು ನೆನಪಿಟ್ಟಿರುವವರು ಯಾರೂ ಇರುವುದಿಲ್ಲ.

ಎರಡನೇ ಬಲೆ ಅರ್ಧವಿರಾಮ. ಆ್ಯರೋ ತೋರಿಸುವುದು ತಂಡ ಅಟ್ಯಾಕ್ ಮಾಡುವ ದಿಕ್ಕನ್ನು, ಬೆಂಚನ್ನಲ್ಲ. ಮೂರನೇ ಕ್ವಾರ್ಟರ್‌ಗೆ ತಂಡಗಳು ಬಾಸ್ಕೆಟ್ ಬದಲಿಸುವುದರಿಂದ ಸರದಿ ಬದಲಾಗದೆಯೂ ಆ್ಯರೋವನ್ನು ತಿರುಗಿಸಬೇಕು. ಟೀ ಕುಡಿದು ಬಂದ ಸ್ಕೋರರ್ "ಆಗಲೇ ತಿರುಗಿಸಿದೆನಾ?" ಎಂದು ತಲೆ ಕೆರೆದುಕೊಳ್ಳುವುದು ಇಲ್ಲೇ. ಕೆಲವರು ಎರಡು ಸಲ ತಿರುಗಿಸಿ ಮೊದಲಿದ್ದಲ್ಲಿಗೇ ತಂದಿಡುತ್ತಾರೆ. ಇದಕ್ಕೆ ಮದ್ದು ಸುಲಭ. ಆ್ಯರೋ ಪಕ್ಕದಲ್ಲಿ ಒಂದು ಚೀಟಿ ಇಟ್ಟುಕೊಂಡು ಮುಂದಿನ ಸರದಿ ಯಾವ ತಂಡದ್ದು ಎಂದು ಹೆಸರಿನಲ್ಲೇ ಬರೆಯಬೇಕು, ದಿಕ್ಕಿನಲ್ಲಲ್ಲ. ಪ್ರತಿ ಸಲ ತಿರುಗಿಸಿದಾಗ ಹಳೆಯದನ್ನು ಹೊಡೆದು ಕೆಳಗೆ ಹೊಸದು. ಅರ್ಧ ಮುಗಿದ ಕೂಡಲೇ, ಯಾರೂ ಎದ್ದು ಹೋಗುವ ಮೊದಲು, ರೆಫ್ರಿ ಎದುರಿಗೇ ತಿರುಗಿಸಿ ಚೀಟಿ ತೋರಿಸಬೇಕು. ಫಿಬಾ ಕೇಳುವ ಉಪಕರಣ ಕನಿಷ್ಠ 100 ಮಿಲಿಮೀಟರ್ ಉದ್ದ, ಅಷ್ಟೇ ಎತ್ತರದ, ಕೆಂಪಾಗಿ ಬೆಳಗುವ ಬಾಣ. ಅದಿಲ್ಲದ ಕಡೆ ರಟ್ಟಿನ ಬಾಣ ಸಾಕು. ಟೇಬಲ್ ನಡುವೆ, ಎರಡೂ ಬೆಂಚಿಗೆ ಕಾಣುವಂತೆ ಇರಬೇಕು, ಗಾಳಿಗೆ ತಿರುಗದಂತೆ ಕೆಳಗೊಂದು ಭಾರ ಇರಬೇಕು.

ತಪ್ಪಾಗಿ ಬಾಲ್ ಕೊಟ್ಟರೆ? ಅಂಕಣದೊಳಗೆ ಯಾರೂ ಮುಟ್ಟುವ ಮೊದಲು ಗೊತ್ತಾದರೆ ನಿಲ್ಲಿಸಿ ಸರಿಪಡಿಸಬಹುದು. ಮುಟ್ಟಿದ ಮೇಲೆ ಆಟ ಹಿಂದಕ್ಕೆ ಹೋಗುವುದಿಲ್ಲ, ಆದರೆ ಅನ್ಯಾಯವಾದ ತಂಡದ ಸರದಿ ಸಾಯುವುದಿಲ್ಲ, ಮುಂದಿನ ಜಂಪ್ ಬಾಲ್ ಸಂದರ್ಭದಲ್ಲಿ ಬಾಲ್ ಅವರಿಗೇ. ಆದ್ದರಿಂದ ಕೋಚ್ ಮಾಡಬೇಕಾದದ್ದು ರೆಫ್ರಿ ಮೇಲೆ ಕೂಗಾಡುವುದಲ್ಲ. ಬಾಲ್ ಡೆಡ್ ಆದಾಗ ಟೇಬಲ್‌ಗೆ ವಿಷಯ ತಿಳಿಸಿ, ಚೀಟಿಯಲ್ಲಿ ತಮ್ಮ ತಂಡದ ಹೆಸರು ಬರೆಸಿ, ಆ್ಯರೋ ತಮ್ಮ ದಿಕ್ಕಿಗೆ ಬಂದದ್ದನ್ನು ಕಣ್ಣಾರೆ ನೋಡಿಕೊಳ್ಳಬೇಕು. ಓವರ್‌ಟೈಮ್‌ಗೆ ಹೋದರೆ ಅದು ಶುರುವಾಗುವುದೂ ಅದೇ ಚೀಟಿಯ ಕೊನೆಯ ಸಾಲಿನಿಂದ.